ಬಾಗಿಲು ಯಾರದು, ಕೆಲಸ ಯಾರದು

ಮುಂಬಯಿ ಪಕ್ಕದ ಥಾಣೆ–ಬೇಲಾಪುರ ರಸ್ತೆಯ ಆಚೀಚೆ ಹಬ್ಬಿರುವ ಟಿಟಿಸಿ ಕೈಗಾರಿಕಾ ಪಟ್ಟಿ ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳಿಗೆ ಹೆಸರಾಗಿತ್ತು. ಇಂದು ಅದರ ಉತ್ತರದ ಕಡೆಗಿರುವ ಐರೋಲಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೈಂಡ್‌ಸ್ಪೇಸ್‌ನಂಥ ಐಟಿ ಪಾರ್ಕ್‌ಗಳು, ಜೊತೆಗೆ ಕಿಟಕಿಯೇ ಕಾಣದ ಡೇಟಾ ಸೆಂಟರ್‌ಗಳು. ಹಗಲಿರುಳು ಕರೆಂಟು ಕುಡಿಯುವ ಈ ಕಟ್ಟಡಗಳೊಳಗೆ ಭಾರೀ ಲೆಕ್ಕಾಚಾರ ಸದಾ ನಡೆಯುತ್ತಿರುತ್ತದೆಂದು ಹೊರಗಿನವರು ಭಾವಿಸಬಹುದು. ಆದರೆ ನೆಟ್‌ವರ್ಕ್ ಸೇವೆಯೊಂದರ ಮುಖ್ಯ ಕಸುಬೇ ಕಾಯುವುದು: ಒಂದು ಪೋರ್ಟ್ ಹಿಡಿದು ಕೂತಿರಬೇಕು, ಯಾರಾದರೂ ಬಂದಾಗ ಎದ್ದು ಮಾತಾಡಬೇಕು. ಹೀಗೆ ಕಾಯುವ ಕೆಲಸಕ್ಕೆ ಪ್ರತಿಯೊಂದು ಸೇವೆಯೂ ಎಚ್ಚರವಾಗಿಯೇ ಇರಬೇಕೇ ಎಂಬ ಪ್ರಶ್ನೆ ಸುಮಾರು 40 ವರ್ಷ ಹಳೆಯದು. ಅದಕ್ಕೆ ಸಿಕ್ಕ ಮೊದಲ ದೊಡ್ಡ ಉತ್ತರ ಐನೆಟ್‌ಡಿ. ಅದು ಕಾಲವಾಯಿತೆಂದು ಹಲವು ಬಾರಿ ಹೇಳಿದ್ದಾರೆ. ನನ್ನ ಎಣಿಕೆಯಲ್ಲಿ ಕಾಲವಾದದ್ದು ಅದರ ಅರ್ಧ ಮಾತ್ರ. ಉಳಿದರ್ಧ ಇಂದಿನ ಹೆಚ್ಚಿನ ಲಿನಕ್ಸ್ ಯಂತ್ರಗಳಲ್ಲಿ ಒಂದನೇ ನಂಬರಿನ ಪ್ರೊಸೆಸ್ ಆಗಿ ಕೂತಿದೆ.

1983ರ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಟೆಲ್ನೆಟ್, ಎಫ್‌ಟಿಪಿ ಇತ್ಯಾದಿ ಸೇವೆಗಳಿಗೆಲ್ಲ ಹಿನ್ನೆಲೆಯಲ್ಲಿ ಸದಾ ಓಡುವ ತಮ್ಮ ತಮ್ಮ ಡೀಮನ್ ಇರುತ್ತಿತ್ತು. ಮೆಮೊರಿಯನ್ನು ಮೆಗಾಬೈಟ್‌ಗಳಲ್ಲಿ, ಅದೂ ಬೆರಳೆಣಿಕೆಯಲ್ಲಿ ಅಳೆಯುತ್ತಿದ್ದ ಕಾಲ ಅದು. ದಿನಕ್ಕೆ ಎರಡು ಬಾರಿ ಕರೆ ಬರುವ ಸೇವೆಗೂ ಇಡೀ ದಿನ ಜಾಗ ಕೊಡಬೇಕಿತ್ತು. 1986ರ 4.3 ಬಿಎಸ್‌ಡಿ ತಂದ ಐನೆಟ್‌ಡಿ ಈ ಏರ್ಪಾಡನ್ನು ತಿರುಗಿಸಿಬಿಟ್ಟಿತು. ಐರೋಲಿಯ ಯಾವುದೇ ಸೊಸೈಟಿಯ ಗೇಟಿನಲ್ಲಿ ಎಲ್ಲ ಫ್ಲ್ಯಾಟ್‌ಗಳ ಪರವಾಗಿ ಒಬ್ಬನೇ ವಾಚ್‌ಮನ್ ಕೂತಿರುತ್ತಾನಲ್ಲ, ಹಾಗೆಯೇ ಎಲ್ಲ ಪೋರ್ಟ್‌ಗಳನ್ನೂ ಒಂದೇ ಪ್ರೊಸೆಸ್ ಕಾಯತೊಡಗಿತು. ಅದರ ಸೆಟ್ಟಿಂಗ್ ಫೈಲಿನಲ್ಲಿ ಸೇವೆಗೊಂದು ಸಾಲು. ಬಳಕೆದಾರರ ಮಾಹಿತಿ ಕೊಡುವ ಫಿಂಗರ್ ಸೇವೆಯ ಸಾಲು ಓದಿದರೆ ಸಿಗುವುದಿಷ್ಟು: ಸೇವೆಯ ಹೆಸರು, ಸ್ಟ್ರೀಮ್ ಸಾಕೆಟ್, ಟಿಸಿಪಿ, ‘ನೋವೇಟ್’, ಯಾವ ಬಳಕೆದಾರನ ಹೆಸರಿನಲ್ಲಿ ಓಡಿಸಬೇಕು, ಯಾವ ಪ್ರೋಗ್ರಾಂ. ಕನೆಕ್ಷನ್ ಬಂದೊಡನೆ ಐನೆಟ್‌ಡಿ ಫೋರ್ಕ್ ಮಾಡಿ ತನ್ನದೊಂದು ನಕಲು ಹುಟ್ಟಿಸುತ್ತದೆ. ಆ ಕನೆಕ್ಷನ್ನನ್ನು ನಕಲಿನ 0, 1, 2ನೇ ಡಿಸ್ಕ್ರಿಪ್ಟರ್‌ಗಳಿಗೆ ಜೋಡಿಸುತ್ತದೆ. ಆಮೇಲೆ ನಕಲು ತಾನೇ ಆ ಪ್ರೋಗ್ರಾಂ ಆಗಿ ಬದಲಾಗುತ್ತದೆ. ಪ್ರೋಗ್ರಾಂಗೆ ನೆಟ್‌ವರ್ಕ್ ಎಂಬುದೊಂದಿದೆ ಎಂದೇ ಗೊತ್ತಿರಬೇಕಿಲ್ಲ. ಕೀಬೋರ್ಡಿನಿಂದ ಓದಿದಂತೆ ಓದಿ, ಪರದೆಗೆ ಬರೆದಂತೆ ಬರೆದರೆ ಸಾಕು. ಭಾರತದ ಮಟ್ಟಿಗೆ ಇದೇ 1986–87ರಲ್ಲಿ ಮುಂಬಯಿಯ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿ ಮತ್ತು ಐಐಟಿ ನಡುವೆ ಡಯಲ್‌ಅಪ್ ಲೈನಿನ ಮೇಲೆ ಇಮೇಲ್ ಓಡಾಡತೊಡಗಿತ್ತು. ಕರೆಗಳು ಅಪರೂಪವಾಗಿದ್ದ ಜಗತ್ತಿಗೆ ಐನೆಟ್‌ಡಿ ಹೇಳಿ ಮಾಡಿಸಿದ ಹಾಗಿತ್ತು.

ಎಲ್ಲ ಬಾಗಿಲುಗಳನ್ನೂ ಒಬ್ಬನ ಕೈಗೆ ಕೊಟ್ಟರೆ ಅಪಾಯವೂ ಒಂದೇ ಕಡೆ ಗುಡ್ಡೆ ಬೀಳುವುದಿಲ್ಲವೇ ಎಂಬುದು ಹಳೆಯ ಆಕ್ಷೇಪ, ಅದಕ್ಕೆ ತೂಕವೂ ಇದೆ. 1988ರ ನವೆಂಬರ್ 2ರಂದು ಯಂತ್ರದಿಂದ ಯಂತ್ರಕ್ಕೆ ತಾನೇ ಹಬ್ಬಿದ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ಬಳಸಿದ ದಾರಿಗಳಲ್ಲೊಂದು ಐನೆಟ್‌ಡಿ ಎಬ್ಬಿಸುತ್ತಿದ್ದ ಫಿಂಗರ್ ಡೀಮನ್. 512 ಬೈಟ್‌ಗಳ ಜಾಗಕ್ಕೆ ಅಳತೆ ನೋಡದೆ ಓದಿಕೊಳ್ಳುತ್ತಿದ್ದುದೇ ಅದರ ತಪ್ಪು. ತಪ್ಪು ಫಿಂಗರ್‌ನದು, ನಿಜ. ಆದರೆ ಯಾರೂ ಬಳಸದ ಹತ್ತಾರು ಸೇವೆಗಳು ಬಾಗಿಲು ತೆರೆದುಕೊಂಡೇ ಇದ್ದದ್ದು ಐನೆಟ್‌ಡಿಯ ಸಾಲುಗಳು ಅಷ್ಟು ಅಗ್ಗವಾಗಿದ್ದರಿಂದ. ಇನ್ನೂ ವಿಚಿತ್ರವಾದದ್ದು ಅದರ ರಕ್ಷಣೆಯ ನಿಯಮ. ಒಂದು ಸೇವೆ ನಿಮಿಷದಲ್ಲಿ 40ಕ್ಕಿಂತ ಹೆಚ್ಚು ಬಾರಿ ಶುರುವಾದರೆ ಏನೋ ಕೆಟ್ಟಿದೆಯೆಂದು ಬಗೆದು ಹಳೆಯ ಐನೆಟ್‌ಡಿ ಅದನ್ನು 10 ನಿಮಿಷ ಮುಚ್ಚಿಬಿಡುತ್ತಿತ್ತು. ಅಂದರೆ ಸೇವೆಯನ್ನು ಕೆಡವಬೇಕೆನ್ನುವವನು ನಲವತ್ತು ಚಿಲ್ಲರೆ ಸಲ ಬಾಗಿಲು ತಟ್ಟಿ ಹೋದರೆ ಸಾಕು! ಆದರೂ ಇದೇ ಒಂದೆಡೆ ಕೂಡುವಿಕೆ ಕಾವಲಿಗೂ ಅನುಕೂಲವಾಯಿತು. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ವೀಟ್ಸೆ ವೆನೆಮಾ 1990ರಲ್ಲಿ ಬರೆದ ಟಿಸಿಪಿ ರ‍್ಯಾಪರ್ ಸೇವೆಗಳ ಕೋಡನ್ನು ಮುಟ್ಟಲೇ ಇಲ್ಲ. ಸಾಲಿನಲ್ಲಿ ಪ್ರೋಗ್ರಾಂ ಹೆಸರಿನ ಜಾಗಕ್ಕೆ ತನ್ನ ಹೆಸರು ಹಾಕಿಸಿಕೊಂಡು, ಬಂದವರ ವಿಳಾಸ ಬರೆದಿಟ್ಟು, ಅನುಮತಿ ಇದ್ದರಷ್ಟೇ ಒಳಗೆ ಬಿಡುತ್ತಿತ್ತು. ಸೇವೆಗಳು ತಂತಮ್ಮ ಬಾಗಿಲು ತಾವೇ ಕಾಯುತ್ತಿದ್ದರೆ ಇದೇ ತಿದ್ದುಪಡಿಯನ್ನು ಒಂದೊಂದಕ್ಕೂ ಬೇರೆಬೇರೆಯಾಗಿ ಮಾಡಬೇಕಾಗುತ್ತಿತ್ತು.

ಐನೆಟ್‌ಡಿಗೆ ನಿಜವಾದ ಪೆಟ್ಟು ಕೊಟ್ಟದ್ದು ವೆಬ್. ಒಂದು ಪುಟ ತೆರೆದರೆ ಚಿತ್ರಗಳೂ ಸೇರಿ ಹತ್ತಾರು ಕೋರಿಕೆಗಳು. ಪ್ರತಿಯೊಂದಕ್ಕೂ ಹೊಸ ಪ್ರೊಸೆಸ್ ಹುಟ್ಟಿಸಿ, ಸೆಟ್ಟಿಂಗ್ ಓದಿಸಿ, ಮುಗಿದ ಮೇಲೆ ಸಾಯಿಸುವುದು ದುಬಾರಿ. ಅಪಾಚೆ ವೆಬ್ ಸರ್ವರಿನ 1.3ನೇ ಆವೃತ್ತಿಯವರೆಗೆ ಐನೆಟ್‌ಡಿಯ ಅಡಿಯಲ್ಲಿ ಓಡಿಸುವ ಆಯ್ಕೆ ಇತ್ತಾದರೂ ಅದನ್ನು ಬಳಸಬೇಡಿ ಎಂಬ ಧಾಟಿಯಲ್ಲೇ ಕೈಪಿಡಿ ಮಾತಾಡುತ್ತಿತ್ತು, 2.0ರಲ್ಲಿ ಆ ಆಯ್ಕೆಯನ್ನೇ ತೆಗೆದರು. ನಡುವೆ ಬಂದ ಎಕ್ಸ್‌ಐನೆಟ್‌ಡಿ ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಜನ ಎಂಬ ಮಿತಿಗಳನ್ನು ಸೇರಿಸಿತು, 2000ದಲ್ಲಿ ರೆಡ್ ಹ್ಯಾಟ್ ಲಿನಕ್ಸ್ 7ರಲ್ಲಿ ಐನೆಟ್‌ಡಿಯ ಜಾಗ ಹಿಡಿಯಿತು. ಆದರೆ ಮೂಲದ ದುಬಾರಿತನ ಹಾಗೆಯೇ ಉಳಿಯಿತು. ಅಷ್ಟರಲ್ಲಿ ಮೆಮೊರಿಯೂ ಅಗ್ಗವಾಯಿತು. ಹಾಗಾದರೆ ಈ ವಿಚಾರವೇ ಮುಗಿಯಿತಲ್ಲ ಎಂದರೆ, ಆ ಸೆಟ್ಟಿಂಗ್ ಸಾಲಿನ ಒಂದು ಪದದತ್ತ ಮತ್ತೆ ನೋಡಬೇಕು. ‘ನೋವೇಟ್’ ಎಂದಿದ್ದರೆ ಐನೆಟ್‌ಡಿಯೇ ಕನೆಕ್ಷನ್ ಸ್ವೀಕರಿಸಿ ಒಂದೊಂದನ್ನೂ ಬೇರೆಬೇರೆ ಪ್ರೊಸೆಸ್ಸಿಗೆ ಕೊಡುತ್ತದೆ. ‘ವೇಟ್’ ಎಂದಿದ್ದರೆ ಕಾಯುವ ಸಾಕೆಟ್ಟನ್ನೇ ಸೇವೆಯ ಕೈಗಿತ್ತು, ಅದು ಮುಗಿಸುವವರೆಗೆ ತಾನು ಆ ಕಡೆ ತಲೆಹಾಕುವುದಿಲ್ಲ. ಯುಡಿಪಿ ಸೇವೆಗಳಿಗೆಂದು ಮುಖ್ಯವಾಗಿ ಬಳಸುತ್ತಿದ್ದ, ಯಾರೂ ಅಷ್ಟಾಗಿ ಗಮನಿಸದ ದಾರಿ ಅದು. ವೆಬ್ ಸೋಲಿಸಿದ್ದು ‘ನೋವೇಟ್’ ಅನ್ನು.

‘ವೇಟ್’ ತಿರುಗಿ ಬಂದದ್ದು 2005ರಲ್ಲಿ, ಆಪಲ್‌ನ ಮ್ಯಾಕ್ ಓಎಸ್ ಟೆನ್ ಟೈಗರ್‌ನ ಲಾಂಚ್‌ಡಿ ಮೂಲಕ. 2010ರಲ್ಲಿ ಲೆನಾರ್ಟ್ ಪೋಟರಿಂಗ್ ಲಿನಕ್ಸ್‌ನ ಒಂದನೇ ನಂಬರಿನ ಪ್ರೊಸೆಸ್ ಆಗಿ ಸಿಸ್ಟಮ್‌ಡಿಯನ್ನು ಮುಂದಿಟ್ಟಾಗ ಲಾಂಚ್‌ಡಿಯ ಋಣ ಬಚ್ಚಿಡಲಿಲ್ಲ. ಮರುವರ್ಷ ಫೆಡೋರಾ 15 ಲಿನಕ್ಸ್ ಸಿಸ್ಟಮ್‌ಡಿಯನ್ನು ಒಪ್ಪಿಕೊಂಡಿತು. ಇಲ್ಲಿ ಕಾರಣವೇ ಬೇರೆ. ಹತ್ತು ಸೇವೆಗಳಿಗೆ ಲಾಗ್ ಬರೆಯುವ ಸೇವೆ ಬೇಕು ಎಂದಿಟ್ಟುಕೊಳ್ಳಿ. ಹಳೆಯ ಕ್ರಮದಲ್ಲಿ ಲಾಗ್ ಸೇವೆ ಸಿದ್ಧವಾಗುವವರೆಗೆ ಹತ್ತೂ ಕಾಯಬೇಕು. ಸಿಸ್ಟಮ್‌ಡಿ ಮೊದಲು ಸಾಕೆಟ್ ತೆರೆದು, ಹನ್ನೊಂದನ್ನೂ ಒಟ್ಟಿಗೆ ಶುರು ಮಾಡುತ್ತದೆ. ಲಾಗ್ ಸೇವೆ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದರೂ ಅದಕ್ಕೆ ಬಂದ ಸಾಲುಗಳು ಕರ್ನಲ್ಲಿನ ಬಫರಿನಲ್ಲಿ ಸರದಿ ನಿಂತಿರುತ್ತವೆ. ಸೇವೆ ನಡುವೆ ಬಿದ್ದು ಎದ್ದರೂ ಪೋರ್ಟ್ ಮುಚ್ಚುವುದಿಲ್ಲ. ಇಷ್ಟನ್ನೆಲ್ಲ ಒಂದೇ ಪ್ರೊಸೆಸ್ಸಿಗೆ ತುಂಬಿದ್ದು ಅತಿಯಾಯಿತು ಎನ್ನುವವರು ಇಂದಿಗೂ ಇದ್ದಾರೆ, ಆ ದೂರಿನಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಅದು ಸಿಸ್ಟಮ್‌ಡಿಯ ಗಾತ್ರದ ಮಾತು. ಬಾಗಿಲನ್ನೂ ಕೆಲಸವನ್ನೂ ಬೇರ್ಪಡಿಸಿದ್ದು ತಪ್ಪೆಂದು ಅದರಿಂದ ಸಾಬೀತಾಗುವುದಿಲ್ಲ.

ಕ್ಲೌಡ್‌ನಲ್ಲಿ ಉಳಿತಾಯದ ವಾದ ಮತ್ತೆ ಜೀವ ತಳೆಯಿತು, ಆದರೆ ಲಾಭ ಪಡೆಯುವವರು ಬದಲಾದರು. 2014ರ ನವೆಂಬರಿನಲ್ಲಿ ಅಮೆಜಾನ್ ಪ್ರಕಟಿಸಿದ ಲ್ಯಾಂಬ್ಡಾ, ಕರೆ ಬಂದಾಗಷ್ಟೇ ಕೋಡ್ ಎಬ್ಬಿಸಿ ಓಡಿದ ಹೊತ್ತಿಗಷ್ಟೇ ಬಿಲ್ ಹಾಕುತ್ತದೆ. ಎಬ್ಬಿಸುವ ಹೊತ್ತಿನ ತಡ ಐನೆಟ್‌ಡಿಯ ಹಳೆಯ ಕಾಯಿಲೆಯೇ. ಅದಕ್ಕೆಂದೇ ಒಮ್ಮೆ ಎದ್ದ ಕೋಡನ್ನು ತಕ್ಷಣ ಮಲಗಿಸದೆ ಇನ್ನೊಂದು ಕರೆಗಾಗಿ ಬೆಚ್ಚಗಿಟ್ಟುಕೊಳ್ಳುತ್ತಾರೆ. 2018ರಲ್ಲಿ ಬಂದ ಅಮೆಜಾನ್‌ನದೇ ಫೈರ್‌ಕ್ರ್ಯಾಕರ್ ಇಡೀ ವರ್ಚುವಲ್ ಯಂತ್ರವನ್ನೇ 125 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಎಬ್ಬಿಸುವಷ್ಟು ಹಗುರ ಮಾಡಿತು. ಇದಕ್ಕೂ ಐನೆಟ್‌ಡಿಗೂ ವಂಶದ ನಂಟಿಲ್ಲ, ಹೋಲಿಕೆ ಬಲವಂತದ್ದು ಎನ್ನಬಹುದು. ವಂಶದ ನಂಟಿಲ್ಲ ಎಂಬುದನ್ನು ಒಪ್ಪುತ್ತೇನೆ. ವ್ಯತ್ಯಾಸ ಇನ್ನೂ ಒಂದಿದೆ: ಐನೆಟ್‌ಡಿ ಉಳಿಸಿದ ಮೆಮೊರಿ ಆ ಯಂತ್ರದ್ದೇ, ಉಳಿತಾಯ ಯಂತ್ರದ ಒಡೆಯನಿಗೇ. ಇಲ್ಲಿ ಗ್ರಾಹಕನ ಬಿಲ್ ಸೊನ್ನೆಯಾದಾಗಲೂ ಡೇಟಾ ಸೆಂಟರಿನ ಯಂತ್ರ ಉರಿಯುತ್ತಲೇ ಇರುತ್ತದೆ, ಎಸಿ ತಿರುಗುತ್ತಲೇ ಇರುತ್ತದೆ. ಕಾಯುವ ಖರ್ಚು ನೂರಾರು ಬಾಡಿಗೆದಾರರಲ್ಲಿ ಹಂಚಿಹೋಯಿತೇ ಹೊರತು ಮಾಯವಾಗಲಿಲ್ಲ.

ಸ್ವಂತ ಯಂತ್ರಗಳಲ್ಲೂ ಈ ವಾದ ಮರಳಿತು. 2022ರಲ್ಲಿ ಉಬುಂಟು ಲಿನಕ್ಸ್ 22.10, ದೂರದಿಂದ ಲಾಗಿನ್ ಆಗಲು ಬಳಸುವ ತನ್ನ ಎಸ್‌ಎಸ್‌ಎಚ್ ಸೇವೆಯನ್ನು ಸಿಸ್ಟಮ್‌ಡಿಯ ಸಾಕೆಟ್ ಮೂಲಕ ಮೊದಲ ಲಾಗಿನ್ ಬರುವವರೆಗೆ ಮಲಗಿಸಿಡುವ ಕ್ರಮಕ್ಕೆ ದಾಟಿತು. ಯಂತ್ರಕ್ಕೆ ಉಳಿಯುವುದು ಸುಮಾರು 3 ಎಂಬಿ. ಒಂದು ಲ್ಯಾಪ್‌ಟಾಪಿನಲ್ಲಿ ಅದು ಲೆಕ್ಕಕ್ಕಿಲ್ಲ. ಒಂದೇ ಸರ್ವರಿನಲ್ಲಿ ನೂರಾರು ಕಂಟೇನರ್‌ಗಳನ್ನು ತುಂಬುವ ಕಡೆ ಲೆಕ್ಕಕ್ಕಿದೆ. ಆದರೆ ಅಡ್ಮಿನ್‌ಗಳಿಗೆ ತೊಡಕಾದದ್ದು ಬೇರೆ ಕಡೆ. ಎಸ್‌ಎಸ್‌ಎಚ್‌ನ ಸ್ವಂತ ಸೆಟ್ಟಿಂಗ್ ಫೈಲಿನಲ್ಲಿ ಪೋರ್ಟ್ ನಂಬರನ್ನು 22ರಿಂದ ಬೇರೊಂದಕ್ಕೆ ಬದಲಿಸಿ, ಸೇವೆಯನ್ನು ಮತ್ತೆ ಶುರು ಮಾಡಿದರೂ ಯಂತ್ರ 22ರಲ್ಲೇ ಉತ್ತರಿಸುತ್ತಿತ್ತು. ಆ ಪೋರ್ಟ್ ಈಗ ಎಸ್‌ಎಸ್‌ಎಚ್‌ನ ಕೈಯಲ್ಲಿರಲಿಲ್ಲ. ಬದಲಿಸಬೇಕಾದದ್ದು ಸಿಸ್ಟಮ್‌ಡಿಯ ಸಾಕೆಟ್ ಫೈಲನ್ನು. 24.04ರ ಹೊತ್ತಿಗೆ ಉಬುಂಟು ಎಸ್‌ಎಸ್‌ಎಚ್‌ನ ಹಳೆಯ ಫೈಲನ್ನು ಓದಿ ಹೊಸ ಸಾಕೆಟ್ಟಿಗೆ ಪೋರ್ಟ್ ನಂಬರ್ ದಾಟಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ನಡುವೆ ಕೂರಿಸಿತು.