‘ಹೈಪೇಷಿಯ’: ಕಥೆಯ ಕಾಲ, ಕರ್ತೃವಿನ ಕಾಲ

ಐತಿಹಾಸಿಕ ಕಾದಂಬರಿಯಲ್ಲಿ ಎರಡು ಕಾಲಗಳಿರುತ್ತವೆ: ಕಥೆ ನಡೆದ ಕಾಲ, ಅದನ್ನು ಬರೆದ ಕಾಲ. ಮತಧರ್ಮ, ವಿಜ್ಞಾನ, ಜನಾಂಗಗಳ ನಿರೂಪಣೆಯಲ್ಲಿ ಎರಡನೆಯದು ಮೊದಲನೆಯದನ್ನು ಆವರಿಸಿಬಿಡುವುದುಂಟು. ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಕಿಂಗ್ಸ್ಲೆಯ ‘ಹೈಪೇಷಿಯ’ (1853) ಇದಕ್ಕೆ ನಿದರ್ಶನ.

ಅಲೆಕ್ಸಾಂಡ್ರಿಯದ ಗಣಿತಜ್ಞೆ ಹೈಪೇಷಿಯ ಕ್ರಿ.ಶ. 415ರಲ್ಲಿ ಕ್ರೈಸ್ತರ ಗುಂಪೊಂದರಿಂದ ಹತಳಾದಳು. ಕಾದಂಬರಿಯಲ್ಲಿ ಆಕೆ ತರುಣಿ. ಆಗ ಆಕೆಗೆ ಅರವತ್ತರ ಆಸುಪಾಸು ಎಂಬುದು ಮರಿಯಾ ಜೀಲ್ಸ್ಕಾ ಅವರ ಅಭಿಪ್ರಾಯ. ಈ ಕೊಲೆಯನ್ನು ವಿಜ್ಞಾನ ಮತ್ತು ಮತಧರ್ಮಗಳ ನೇರ ಸಂಘರ್ಷವೆಂದು ಓದುವುದು ರೂಢಿ. ಆಧಾರಗಳು ಹೇಳುವುದು ಬೇರೆ. ಆಕೆಯ ಶಿಷ್ಯ ಸಿನೇಸಿಯಸ್ ಮುಂದೆ ಬಿಷಪ್ಪನಾದವನು. ದ್ರವಗಳ ತೂಕವನ್ನಳೆಯುವ ಉಪಕರಣವೊಂದನ್ನು ಮಾಡಿಸಿಕೊಡಬೇಕೆಂದು ಆತ ಗುರುವಿಗೆ ಬರೆದ ಪತ್ರ ಉಳಿದಿದೆ. ಕೊಲೆಯ ಹಿನ್ನೆಲೆಯಲ್ಲಿದ್ದುದು ಪ್ರಾಂತಾಧಿಕಾರಿ ಒರೆಸ್ಟಿಸ್ ಹಾಗೂ ಬಿಷಪ್ ಸಿರಿಲ್ ನಡುವಣ ಅಧಿಕಾರದ ಕಲಹ. ಒರೆಸ್ಟಿಸನೂ ಕ್ರೈಸ್ತನೇ, ಕೃತ್ಯವನ್ನು ಖಂಡಿಸಿ ದಾಖಲಿಸಿದ ಇತಿಹಾಸಕಾರ ಸಾಕ್ರಟೀಸ್ ಸ್ಕೊಲಾಸ್ಟಿಕಸನೂ ಕ್ರೈಸ್ತನೇ.

ಜನಾಂಗದ ಮಾತಂತೂ ಇನ್ನೂ ಸ್ಪಷ್ಟ. ನೈಲ್ ನದಿಯಲ್ಲಿ ದೋಣಿ ನಡೆಸುವ ಗಾಥ್ ಯೋಧರನ್ನು ಕಿಂಗ್ಸ್ಲೆ ಕ್ಷೀಣಿಸಿದ ನಗರದ ಎದುರಿಗೆ ಕಸುವುಳ್ಳವರಾಗಿ ನಿಲ್ಲಿಸುತ್ತಾನೆ. ಹೈಪೇಷಿಯಳ ಕೊಲೆಯನ್ನು ಕುರಿತ ಪ್ರಾಚೀನ ವೃತ್ತಾಂತಗಳಲ್ಲಿ ಅವರ ಸುಳಿವಿಲ್ಲ. ಟ್ಯೂಟನ್ ಜನಾಂಗದ ಬಗೆಗಿನ ಈ ಹೆಮ್ಮೆಯೇ ಕೇಂಬ್ರಿಜ್ಜಿನಲ್ಲಿ ಇತಿಹಾಸದ ಪ್ರಾಧ್ಯಾಪಕನಾಗಿ ಅವನು ನೀಡಿದ, 1864ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿಯೂ ಕಾಣುತ್ತದೆ.

‘ಹಳೆಯ ಮುಖದ ಹೊಸ ವೈರಿಗಳು’ ಎಂಬುದು ಕಾದಂಬರಿಯ ಉಪಶೀರ್ಷಿಕೆಯ ಅರ್ಥ. ಅವನ ಗುರಿ ತನ್ನ ಕಾಲದ ವೈರಿಗಳೇ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಆದುದರಿಂದ ಈ ಕೃತಿ 415ಕ್ಕೆ ದುರ್ಬಲ ಆಧಾರ, 1853ಕ್ಕೆ ಪ್ರಬಲ ಆಧಾರ. ಐತಿಹಾಸಿಕ ಕಾದಂಬರಿಯನ್ನು ಆಕರವಾಗಿ ಬಳಸುವ ಸಂಶೋಧಕರು ಮೊದಲು ಬೇರ್ಪಡಿಸಬೇಕಾದುದು ಈ ಎರಡು ಇಸವಿಗಳನ್ನು.