ಸಕಾಲ ಅರ್ಜಿಯ ದಿನಾಂಕಗಳು: ಅತ್ತಿಗುಂಡಿ ಭಾಗದ ಅರ್ಜಿದಾರರಿಗೆ ಮಾಹಿತಿ

ಬಾಬಾ ಬುಡನ್‌ಗಿರಿ ಶ್ರೇಣಿಯ ಅತ್ತಿಗುಂಡಿ ಹಾಗೂ ಸುತ್ತಲಿನ ಕಾಫಿ ತೋಟಗಳ ನಿವಾಸಿಗಳು ಸರ್ಕಾರಿ ಕಚೇರಿಯ ಕೆಲಸಕ್ಕಾಗಿ ಗಿರಿಯಿಂದ ಇಳಿದು ಬರಬೇಕಾಗುತ್ತದೆ. ನಿಗದಿತ ದಿನಾಂಕವನ್ನು ಅರಿಯದೆ ಬಂದು ಬರಿಗೈಯಲ್ಲಿ ಮರಳಿದಲ್ಲಿ ಒಂದು ದಿನದ ಕೂಲಿ ನಷ್ಟವಾಗುತ್ತದೆ. ಆದುದರಿಂದ ಅರ್ಜಿದಾರರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

1. ಹಿನ್ನೆಲೆ
ನಾಗರಿಕರಿಗೆ ಕಾಲಮಿತಿಯೊಳಗೆ ಸೇವೆ ಒದಗಿಸಲು 2011ರಲ್ಲಿ ಅಧಿನಿಯಮವನ್ನು ರೂಪಿಸಲಾಯಿತು. ‘ಸಕಾಲ’ ಯೋಜನೆಯು ದಿನಾಂಕ 2-4-2012ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ಬಂದಿತು. ಇದರ ತಂತ್ರಾಂಶವನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದೆ.

2. ಗಮನಿಸಬೇಕಾದ ದಿನಾಂಕಗಳು
ಅ) ಸ್ವೀಕೃತಿ ದಿನಾಂಕ: ಅಗತ್ಯ ದಾಖಲೆಗಳೊಂದಿಗೆ ಅರ್ಜಿ ಸ್ವೀಕೃತವಾದ ದಿನ. ಅಂದು 15 ಅಂಕಿಗಳ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿ ಪತ್ರವನ್ನು ತಪ್ಪದೆ ಪಡೆಯುವುದು.
ಆ) ನಿಗದಿತ ದಿನಾಂಕ: ಸೇವೆ ದೊರೆಯಬೇಕಾದ ಕೊನೆಯ ದಿನ. ಕಾಲಮಿತಿಯು ಸೇವೆಯಿಂದ ಸೇವೆಗೆ ಬೇರೆಯಾಗಿರುವುದರಿಂದ, ಒಂದೇ ದಿನ ಸಲ್ಲಿಸಿದ ಎರಡು ಅರ್ಜಿಗಳ ನಿಗದಿತ ದಿನಾಂಕಗಳು ಒಂದೇ ಆಗಿರಬೇಕೆಂದಿಲ್ಲ. ಕೆಲಸದ ದಿನಗಳಲ್ಲಿ ಕಾಲಮಿತಿ ಗೊತ್ತುಪಡಿಸಿದ್ದಲ್ಲಿ ಸಾರ್ವಜನಿಕ ರಜಾದಿನಗಳು ಲೆಕ್ಕಕ್ಕೆ ಬರುವುದಿಲ್ಲ.
ಇ) ವಿಲೇವಾರಿ ದಿನಾಂಕ: ಸೇವೆ ಒದಗಿಸಿದ ಅಥವಾ ಅರ್ಜಿ ತಿರಸ್ಕರಿಸಿದ ದಿನ.

3. ವಿಳಂಬವಾದಲ್ಲಿ ಪರಿಹಾರ
ನಿಗದಿತ ದಿನಾಂಕ ಮೀರಿದ ಪ್ರತಿ ದಿನಕ್ಕೆ ರೂ. 20ರಂತೆ, ಒಟ್ಟು ರೂ. 500ಕ್ಕೆ ಮೀರದಂತೆ ಪರಿಹಾರ ವೆಚ್ಚ ಪಡೆಯಲು ಅರ್ಜಿದಾರರು ಹಕ್ಕುಳ್ಳವರು. ಉದಾಹರಣೆಗೆ, 10 ದಿನಗಳ ವಿಳಂಬಕ್ಕೆ ರೂ. 200, 25 ದಿನಗಳ ವಿಳಂಬಕ್ಕೆ ರೂ. 500. ಆನಂತರ ಮೊತ್ತ ಹೆಚ್ಚುವುದಿಲ್ಲ.

4. ಮೇಲ್ಮನವಿ
ಸೇವೆ ದೊರೆಯದಿದ್ದಲ್ಲಿ ಕಾಲಮಿತಿ ಮುಗಿದ ದಿನದಿಂದ, ಅರ್ಜಿ ತಿರಸ್ಕೃತವಾಗಿದ್ದಲ್ಲಿ ತಿರಸ್ಕಾರದ ದಿನದಿಂದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅವರ ತೀರ್ಮಾನ ಸಮಾಧಾನ ತರದಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ವಿಳಂಬದ ಪ್ರಕರಣದಲ್ಲಿ ಅವಧಿಯನ್ನು ನಿಗದಿತ ದಿನಾಂಕದಿಂದಲೇ ಎಣಿಸುವುದರಿಂದ, ‘ಇನ್ನೊಂದು ವಾರ ನೋಡೋಣ’ ಎಂದು ಕಾಯುತ್ತಾ ಈ ಹಕ್ಕನ್ನು ಕಳೆದುಕೊಳ್ಳಬಾರದು.

5. ಸೂಚನೆಗಳು
• ಸ್ವೀಕೃತಿ ಪತ್ರದಲ್ಲಿನ ಹೆಸರು, ಸೇವೆ ಮತ್ತು ದಿನಾಂಕಗಳನ್ನು ಕಚೇರಿಯಿಂದ ಹೊರಡುವ ಮೊದಲೇ ಪರಿಶೀಲಿಸುವುದು.
• ಗಿರಿಯಿಂದ ಇಳಿಯುವ ಮುನ್ನ, ವಿಶೇಷವಾಗಿ ಮಳೆಗಾಲದಲ್ಲಿ, ಸಕಾಲ ಸಂಖ್ಯೆ ಬಳಸಿ ಅರ್ಜಿಯ ಸ್ಥಿತಿಯನ್ನು ಅಂತರ್ಜಾಲ ತಾಣದಲ್ಲಿ ತಿಳಿಯುವುದು.
• ಸ್ವೀಕೃತಿ ಪತ್ರವನ್ನು ಮಳೆಯಲ್ಲಿ ನೆನೆಯದಂತೆ ಜೋಪಾನವಾಗಿಟ್ಟುಕೊಳ್ಳುವುದು ಹಾಗೂ ಸಕಾಲ ಸಂಖ್ಯೆಯನ್ನು ಬೇರೆಡೆ ಬರೆದಿಟ್ಟುಕೊಳ್ಳುವುದು.