ರಸ್ತೆಯಾಚೆಯ ಕಾಲೇಜು

ಬೆಂಗಳೂರಿನ ಕೃಷ್ಣರಾಜೇಂದ್ರ ವೃತ್ತವನ್ನು ಬಲ್ಲವರಿಗೆ ಅಲ್ಲಿ ಒಂದಕ್ಕೊಂದು ಕೂಗಳತೆಯಲ್ಲಿರುವ ಎರಡು ವಿದ್ಯಾಸಂಸ್ಥೆಗಳೂ ಗೊತ್ತಿರಬೇಕು. ಒಂದು, ೧೯೧೭ರಲ್ಲಿ ಪ್ರಾರಂಭವಾಗಿ ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಇಂಜಿನಿಯರಿಂಗ್ ಕಾಲೇಜು. ಇನ್ನೊಂದು, ೧೯೪೩ರಲ್ಲಿ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂದು ಹುಟ್ಟಿ, ಈಗ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎನಿಸಿಕೊಂಡಿರುವುದು. ಎರಡಕ್ಕೂ ಮೂಲಪುರುಷರು ಒಬ್ಬರೇ. ನಡುವೆ ಇರುವುದು ರಸ್ತೆ ಮಾತ್ರ; ದಾಟಲು ಐದು ನಿಮಿಷ ಸಾಕು. ಆದರೆ ನಮ್ಮಂಥವರ ಮನೆಗಳಲ್ಲಿ ಆ ರಸ್ತೆಯ ಅಗಲ ಎಷ್ಟೆಂಬುದು ನನಗೆ ಹದಿನಾರನೆಯ ವಯಸ್ಸಿನಲ್ಲೇ ತಿಳಿದುಹೋಯಿತು.

೧೯೬೫ರಲ್ಲಿ ನಾನು ಎಸ್.ಎಸ್.ಎಲ್.ಸಿ. ಮುಗಿಸಿದೆ. ತಂದೆಯವರು ವಿಧಾನಸೌಧದಲ್ಲಿ ಗುಮಾಸ್ತರು. ನಾವಿದ್ದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ನನ್ನ ಅಂಕಗಳು ಅಂಥ ಹೇಳಿಕೊಳ್ಳುವ ಹಾಗೇನೂ ಇರಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ಸೋದರಮಾವನವರು, “ಭಾವ, ಇವನನ್ನು ಡಿಪ್ಲೊಮಾಗೆ ಹಾಕಿಬಿಡಿ. ಮೂರು ವರ್ಷಕ್ಕೆ ಕೈಗೆ ಒಂದು ಕಸಬು ಬರುತ್ತದೆ” ಎಂದರು. ತಂದೆಯವರು ನಶ್ಯದ ಡಬ್ಬಿಯನ್ನು ಮುಚ್ಚಿ, “ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಸುತ್ತಿಗೆ ಹಿಡಿದವರಿಲ್ಲ” ಎಂದರು. ಮಾತು ಅಲ್ಲಿಗೆ ಮುಗಿಯಿತು. ನಾನು ಬಿ.ಎ. ಓದಿ ಗುಮಾಸ್ತನಾದೆ. ಎರಡು ವರ್ಷದ ಅನಂತರ ನನ್ನ ತಮ್ಮ ಹಟ ಹಿಡಿದು, ಎರಡು ಹೊತ್ತು ಊಟ ಬಿಟ್ಟು, ರಸ್ತೆಯಾಚೆಯ ಕಾಲೇಜಿಗೆ ಸೇರಿದ. ಆ ದಿನದಿಂದ ನಮ್ಮ ಮನೆಗೂ ಆ ಸಂಸ್ಥೆಗೂ ಸಂಬಂಧ ಬೆಳೆಯಿತು. ಅದರ ಚರಿತ್ರೆಯನ್ನು ಕೆದಕುವ ಚಪಲ ನನಗೆ ಅಂಟಿಕೊಂಡದ್ದು ನಿವೃತ್ತನಾದ ಮೇಲೆ.

ತಂದೆಯವರ ಮಾತು ಅವರೊಬ್ಬರದೇ ಆಗಿರಲಿಲ್ಲ. ನಮ್ಮ ದೇಶದಲ್ಲಿ ಕಸಬುಗಳಿಗೆ ಕೊರತೆಯಿದ್ದಿಲ್ಲ. ಅವುಗಳನ್ನು ಕಲಿಸುವ ಕ್ರಮಕ್ಕೂ ಕೊರತೆಯಿದ್ದಿಲ್ಲ. ಆದರೆ ಬಡಗಿಯ ಮಗ ಬಡಗಿಯ ಮನೆಯಲ್ಲಿ, ಅಕ್ಕಸಾಲಿಗನ ಮಗ ಅಕ್ಕಸಾಲಿಗನ ಮನೆಯಲ್ಲಿ ಕಲಿಯುತ್ತಿದ್ದ. ವಿದ್ಯೆ ಉತ್ತಮವಾಗಿತ್ತು, ಬಾಗಿಲು ಮಾತ್ರ ಮುಚ್ಚಿತ್ತು. ಹೊರಗಿನವನಿಗೆ ಒಳಗೆ ಪ್ರವೇಶವಿಲ್ಲ. ಒಳಗಿನವನಿಗೆ ಬೇರೆ ದಾರಿಯಿಲ್ಲ. ಅಕ್ಷರ ಬಲ್ಲವನು ಉಳಿ ಮುಟ್ಟಲಿಲ್ಲ. ಉಳಿ ಬಲ್ಲವನಿಗೆ ಅಕ್ಷರ ದಕ್ಕಲಿಲ್ಲ. ಇಂಗ್ಲಿಷರ ಆಳ್ವಿಕೆ ಬಂದಾಗ ಅಕ್ಷರ ಬಲ್ಲವರ ಮಕ್ಕಳು ಕಚೇರಿಗಳನ್ನು ತುಂಬಿದರು. ಹಳೆಯ ಬೇಲಿಗೆ ಸರ್ಕಾರಿ ಸಂಬಳದ ಮುಳ್ಳೂ ಸೇರಿಕೊಂಡಿತು.

ಇದು ಆಳುವವರಿಗೆ ತಿಳಿಯದ ವಿಷಯವಲ್ಲ. ೧೮೫೪ರ ವುಡ್ ಸಾಹೇಬರ ನಿರೂಪದಲ್ಲಿಯೇ ಬದುಕಿಗೆ ಉಪಯೋಗವಾಗುವ ವಿದ್ಯೆಯ ಮಾತು ಬಂದಿದೆ. ೧೮೮೨ರಲ್ಲಿ ನೇಮಕವಾದ ಹಂಟರ್ ಆಯೋಗ ಪ್ರೌಢಶಾಲೆಯ ಮೇಲಿನ ತರಗತಿಗಳನ್ನು ಎರಡು ಕವಲಾಗಿ ಒಡೆಯಬೇಕೆಂದಿತು: ಒಂದು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಗೆ ಹೋಗುವ ದಾರಿ, ಇನ್ನೊಂದು ವ್ಯಾಪಾರ ಮತ್ತು ಕಸಬುಗಳಿಗೆ ಹೋಗುವ ದಾರಿ. ಸಲಹೆ ಸಾಧುವಾದುದು. ಆದರೆ ಎರಡನೆಯ ದಾರಿಯಲ್ಲಿ ನಡೆದವರು ವಿರಳ. ಯಾವ ತಂದೆಯೂ ಮಗನನ್ನು ಗುಮಾಸ್ತಗಿರಿಯ ಬಾಗಿಲಿನಿಂದ ಕರೆತಂದು ಕುಲುಮೆಯ ಮುಂದೆ ನಿಲ್ಲಿಸಲು ಸಿದ್ಧನಿರಲಿಲ್ಲ.

ನಮ್ಮ ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆಯನ್ನು ಛಲದಿಂದ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರೂ ಮೊದಲು ಓದಿದ್ದು ಬಿ.ಎ.; ಸೆಂಟ್ರಲ್ ಕಾಲೇಜಿನಲ್ಲಿ, ಹುಡುಗರಿಗೆ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡು. ಅನಂತರ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋಗಿ ಇಂಜಿನಿಯರಾದರು. ೧೮೯೮ರಲ್ಲಿ ಜಪಾನನ್ನು ಕಂಡು ಬಂದರು. ಹೊಸ ವಿದ್ಯೆಯನ್ನು ಕಲಿತು ಒಂದು ತಲೆಮಾರಿನೊಳಗೆ ಎದ್ದು ನಿಂತ ಆ ನಾಡು ಅವರ ಮನಸ್ಸಿನಿಂದ ಕೊನೆಯವರೆಗೂ ಮರೆಯಾಗಲಿಲ್ಲ. ೧೯೧೨ರಿಂದ ೧೯೧೮ರವರೆಗಿನ ಅವರ ದಿವಾನಗಿರಿಯ ಕಾಲದಲ್ಲಿ ೧೯೧೩ರಲ್ಲಿ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ, ೧೯೧೬ರಲ್ಲಿ ವಿಶ್ವವಿದ್ಯಾನಿಲಯ, ೧೯೧೭ರಲ್ಲಿ ಇಂಜಿನಿಯರಿಂಗ್ ಕಾಲೇಜು ಹುಟ್ಟಿಕೊಂಡವು. ಈ ಕ್ರಮವನ್ನು ಓದುಗರು ಗಮನಿಸಬೇಕು. ಕೈಯ ವಿದ್ಯೆಯ ಶಾಲೆ ಮೊದಲು. ಪದವಿಯ ಪೀಠ ಆಮೇಲೆ.

ಮುಂದಿನ ಕಾಲು ಶತಮಾನದಲ್ಲಿ ಸಂಸ್ಥಾನದ ರೂಪವೇ ಬದಲಾಯಿತು. ಭದ್ರಾವತಿಯಲ್ಲಿ ಕಬ್ಬಿಣ, ಮಂಡ್ಯದಲ್ಲಿ ಸಕ್ಕರೆ, ಬೆಂಗಳೂರಿನಲ್ಲಿ ಸಾಬೂನು, ವಿದ್ಯುದ್ದೀಪ. ೧೯೪೦ರಲ್ಲಿ ವಿಮಾನದ ಕಾರ್ಖಾನೆಯೇ ಬಂತು. ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಇಂಜಿನಿಯರು ಒಬ್ಬನಿದ್ದರೆ ಆ ನಕ್ಷೆಯನ್ನು ಓದಿ, ಯಂತ್ರದ ಮುಂದೆ ನಿಂತು, ಕೆಲಸಗಾರನಿಗೆ ಹೇಳಿಕೊಡಬಲ್ಲವರು ಹಲವರು ಬೇಕು. ಆ ನಡುಮೆಟ್ಟಿಲಿನವರು ಎಲ್ಲಿಂದ ಬರಬೇಕು? ಇದೇ ಪ್ರಶ್ನೆ ಇಡೀ ದೇಶವನ್ನು ಕಾಡುತ್ತಿತ್ತು. ಸರ್ಕಾರ ವಿಲಾಯಿತಿಯಿಂದ ಕರೆಸಿದ ಆಬಟ್ ಮತ್ತು ವುಡ್ ಎಂಬ ಇಬ್ಬರು ತಜ್ಞರು ೧೯೩೭ರಲ್ಲಿ ವರದಿ ಕೊಟ್ಟರು. (ಈ ವುಡ್ ಬೇರೆ, ನಿರೂಪದ ವುಡ್ ಬೇರೆ.) ಸಾಮಾನ್ಯ ವಿದ್ಯೆಗೆ ಇರುವಂತೆಯೇ ವೃತ್ತಿವಿದ್ಯೆಗೂ ಮೆಟ್ಟಿಲು ಮೆಟ್ಟಿಲಾಗಿ ಸಮಾನಾಂತರವಾದ ಏಣಿಯೊಂದು ಬೇಕೆಂಬುದು ಅವರ ವರದಿಯ ಸಾರ. ಅದರ ಫಲವಾಗಿ ೧೯೪೧ರಲ್ಲಿ ದೆಹಲಿಯಲ್ಲಿ ಪಾಲಿಟೆಕ್ನಿಕ್ ಆಯಿತು. ಇನ್ನೆರಡು ವರ್ಷಕ್ಕೆ ನಮ್ಮ ಬೆಂಗಳೂರಿನಲ್ಲಿ, ಎಂಬತ್ತು ದಾಟಿದ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ, ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ತೆರೆಯಿತು. ಹೆಸರು ಅವರದಲ್ಲ; ಆಗ ಪಟ್ಟಕ್ಕೆ ಬಂದು ಮೂರು ವರ್ಷವಾಗಿದ್ದ ಮಹಾರಾಜರದು.

ಅಲ್ಲಿನ ಪಾಠಕ್ರಮದಲ್ಲಿ ಒಂದು ವಿಶೇಷವುಂಟು. ಯುದ್ಧದ ಆ ದಿನಗಳಲ್ಲಿ, ಸಿನಿಮಾ ನೋಡುವುದೇ ತಪ್ಪೆಂದು ಎಷ್ಟೋ ಮನೆಗಳಲ್ಲಿ ಹೇಳುತ್ತಿದ್ದಾಗ, ಅಲ್ಲಿ ಸಿನಿಮಾ ಛಾಯಾಗ್ರಹಣವನ್ನೂ ಧ್ವನಿಗ್ರಹಣವನ್ನೂ ಸರ್ಕಾರದ ಖರ್ಚಿನಲ್ಲಿ ಕಲಿಸತೊಡಗಿದರು. ಪುಣೆಯ ಹೆಸರಾಂತ ಫಿಲ್ಮ್ ಸಂಸ್ಥೆ ಬಂದುದು ೧೯೬೦ರಲ್ಲಿ ಎಂಬುದನ್ನು ನೆನೆದರೆ ಇದರ ಮುಂದಾಲೋಚನೆ ತಿಳಿದೀತು.

ಮೈಸೂರಿನ ಹುಡುಗರೊಬ್ಬರು ಆ ತರಗತಿಗೆ ಬಂದರು. ಪಿಟೀಲು ಬಾರಿಸಬಲ್ಲವರು; ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು. ಛಾಯಾಗ್ರಹಣದ ಡಿಪ್ಲೊಮಾ ಪಡೆದು ೧೯೪೬ರಲ್ಲಿ ಹೊರಬಿದ್ದು ಮುಂಬಯಿ ಸೇರಿದರು. ಅವರೇ ವಿ. ಕೆ. ಮೂರ್ತಿಯವರು. ಗುರುದತ್ತರ ‘ಪ್ಯಾಸಾ’ದ ನೆರಳು ಬೆಳಕು ಅವರದು. ೧೯೫೯ರ ‘ಕಾಗಜ್ ಕೇ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಕತ್ತಲೆಯ ಸ್ಟುಡಿಯೋದೊಳಕ್ಕೆ ಮೇಲಿನಿಂದ ಒಂದು ಬೆಳಕಿನ ಕಂಬ ಇಳಿದು ಬರುವ ದೃಶ್ಯವಿದೆ. ವಿದ್ಯುದ್ದೀಪದಿಂದ ಅಂಥ ಬೆಳಕು ಬರಲಾರದು. ಮೂರ್ತಿಯವರು ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿಯಲ್ಲಿ ಹಿಡಿದು, ಒಳಗೆ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಇಳಿಸಿದರು. ಚಿತ್ರ ಆಗ ಸೋತಿತು. ಆ ಬೆಳಕು ಮಾತ್ರ ಉಳಿಯಿತು. ಇದಕ್ಕೆ ಬೇಕಾದುದು ಕವಿಯ ಕಣ್ಣೇ ಸರಿ. ಆದರೆ ಕನ್ನಡಿಯನ್ನು ಎಷ್ಟು ಓರೆ ಮಾಡಬೇಕೆಂದು ಬಲ್ಲ ಕೆಲಸಗಾರನ ಕೈ ಇಲ್ಲದಿದ್ದರೆ ಕವಿಯ ಕಣ್ಣು ಏನು ಮಾಡೀತು? ೨೦೦೮ರ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಗೌರವ ಒಬ್ಬ ಛಾಯಾಗ್ರಾಹಕರಿಗೆ ಸಂದದ್ದು ಅದೇ ಮೊದಲು. ಅವರಿಗೆ ಸಹಾಯಕರಾಗಿದ್ದು, ಮುಂದೆ ‘ಕಾಡು’, ‘ಅಂಕುರ್’ ಚಿತ್ರಗಳಿಗೆ ಕ್ಯಾಮರಾ ಹಿಡಿದ ಗೋವಿಂದ ನಿಹಲಾನಿಯವರೂ ೧೯೬೨ರಲ್ಲಿ ಇದೇ ಸಂಸ್ಥೆಯಿಂದ ಹೊರಬಂದವರು. ಆ ವಿಭಾಗ ಈಗ ಹೆಸರುಘಟ್ಟದಲ್ಲಿದೆ.

ಇಬ್ಬರು ಪ್ರಸಿದ್ಧರ ಹೆಸರು ಹೇಳಿ ಸಂಸ್ಥೆಯನ್ನು ಹೊಗಳುವುದು ಸುಲಭ. ಸಂಸ್ಥೆಯ ನಿಜವಾದ ಫಲ ಬೇರೆ. ೧೯೪೮ರಲ್ಲಿ ದೂರವಾಣಿ ಕಾರ್ಖಾನೆ, ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಬಿ.ಇ.ಎಲ್. ಬೆಂಗಳೂರಿಗೆ ಬಂದವು. ಬೆಳಗಿನ ಹೊತ್ತು ಕಾರ್ಖಾನೆಯ ಬಸ್ಸಿಗೆ ಕಾಯುತ್ತ, ತಿಂಡಿಯ ಡಬ್ಬಿ ಹಿಡಿದು ನಿಂತಿರುತ್ತಿದ್ದ ಸಾಲುಗಳನ್ನು ನನ್ನ ವಯಸ್ಸಿನವರು ಮರೆತಿರಲಾರರು. ಆ ಸಾಲುಗಳಲ್ಲಿ ಡಿಪ್ಲೊಮಾ ಪಡೆದವರು ಎಷ್ಟೋ ಮಂದಿ. ಬಡಗಿಯ ಮಗನೂ ಪುರೋಹಿತರ ಮಗನೂ ರೈತನ ಮಗನೂ ಒಂದೇ ಲೇತಿನ ಮುಂದೆ ನಿಂತು, ಒಂದೇ ಗ್ರೀಸನ್ನು ಮೈಗೆ ಬಳಿದುಕೊಂಡು ಕಲಿತವರು. ನಮ್ಮಲ್ಲಿ ಶತಮಾನಗಳಿಂದ ಮುಚ್ಚಿದ್ದ ಬಾಗಿಲನ್ನು ತೆರೆದುದು ಇಂಥ ಶಾಲೆಗಳು. ಇದನ್ನು ಚರಿತ್ರೆಯ ಪುಸ್ತಕಗಳು ಇನ್ನೂ ಸರಿಯಾಗಿ ಬರೆದಿಲ್ಲ ಎಂದು ನನ್ನ ಭಾವನೆ.

ನನ್ನ ತಮ್ಮನೂ ಆ ಸಾಲಿನಲ್ಲಿ ಮೂವತ್ತೈದು ವರ್ಷ ನಿಂತ. ನನಗಿಂತ ಮೊದಲೇ ಸಂಬಳ ತಂದ. ತಂದೆಯವರ ಕೊನೆಯ ಕಾಯಿಲೆಯ ವೆಚ್ಚವನ್ನು ಹೊತ್ತ. ಆದರೂ ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಮುಗಿಯುವ ಮೊದಲೇ ಪ್ರಶ್ನೆ ಬರುತ್ತಿತ್ತು: “ಹುಡುಗ ಬರೀ ಡಿಪ್ಲೊಮಾವೇ?” ಈ ‘ಬರೀ’ ಎಂಬ ಮಾತು ಅವನನ್ನು ಕಾರ್ಖಾನೆಯೊಳಗೂ ಬಿಡಲಿಲ್ಲ. ಅವನು ಕೆಲಸ ಕಲಿಸಿದ ಪದವೀಧರ ಹುಡುಗರು ಅವನನ್ನು ದಾಟಿ ಮೇಲೆ ಹೋದರು. ಅವನ ಏಣಿಗೆ ಮೇಲಿನ ಮೆಟ್ಟಿಲುಗಳಿರಲಿಲ್ಲ. ಆಬಟ್ ಮತ್ತು ವುಡ್ ಹೇಳಿದ ಸಮಾನಾಂತರ ಏಣಿ ನಮ್ಮಲ್ಲಿ ಅರ್ಧಕ್ಕೇ ನಿಂತಿತ್ತು.

ಈ ಕೊರತೆಯನ್ನು ತುಂಬಲು ಪ್ರಯತ್ನಗಳು ನಡೆದಿಲ್ಲವೆಂದಲ್ಲ. ೧೯೬೬ರಲ್ಲಿ ಕೊಠಾರಿ ಆಯೋಗ ವೃತ್ತಿಶಿಕ್ಷಣಕ್ಕೆ ಒತ್ತು ಕೊಟ್ಟಿತು. ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಲ್ಲಿ ೧೯೯೫ರ ಹೊತ್ತಿಗೆ ನೂರಕ್ಕೆ ೨೫ ಮಂದಿ ವೃತ್ತಿಶಿಕ್ಷಣಕ್ಕೆ ಬರಬೇಕೆಂದು ೧೯೮೬ರ ರಾಷ್ಟ್ರೀಯ ನೀತಿ ಗುರಿಯಿಟ್ಟಿತು, ಗುರಿ ಕೈಗೂಡಲಿಲ್ಲ. ೨೦೧೩ರಲ್ಲಿ ಯು.ಜಿ.ಸಿ. ಸಮುದಾಯ ಕಾಲೇಜುಗಳ ಯೋಜನೆ ಹೂಡಿತು. ಆ ಹೆಸರು ಅಮೆರಿಕದ್ದು. ೧೯೦೧ರಲ್ಲಿ ಜೋಲಿಯೆಟ್ ಎಂಬ ಊರಿನ ಹೈಸ್ಕೂಲಿನಲ್ಲಿ ಆರು ಮಂದಿ ವಿದ್ಯಾರ್ಥಿಗಳಿಂದ ಇಂಥ ಎರಡು ವರ್ಷದ ಕಾಲೇಜು ಮೊದಲಾಯಿತು. ಮೊದಲಿಗೆ ಅಲ್ಲಿ ಕಲಿಸಿದುದು ವಿಶ್ವವಿದ್ಯಾನಿಲಯದ ಪಾಠವನ್ನೇ. ಬೆಸುಗೆ, ಮೋಟಾರು, ದಾದಿಯ ಕೆಲಸ ಮುಂತಾದ ಕಸಬುಗಳು ಇಂಥ ಕಾಲೇಜುಗಳಿಗೆ ಆಮೇಲೆ ಬಂದವು. ಒಂದೇ ಸೂರಿನಡಿ ಎರಡೂ ಇದ್ದುದರಿಂದ, ಕಸಬಿಗೆ ಬಂದವನು ಮನಸ್ಸು ಬದಲಾಯಿಸಿದರೆ ಹೊಸ ಬಾಗಿಲು ಹುಡುಕಬೇಕಾಗಿರಲಿಲ್ಲ.

ನಮ್ಮಲ್ಲಿಯೂ ಈಗ ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ರಸ್ತೆಗೆ ಸೇತುವೆ ಬಂದಿದೆ, ಸಂತೋಷ. ಆದರೆ ಸೇತುವೆಯ ಮೇಲೆ ಜನ ಒಂದೇ ದಿಕ್ಕಿಗೆ ಹೋಗುತ್ತಿದ್ದಾರೆ. ಡಿಪ್ಲೊಮಾ ಓದುವುದು ಕೆಲಸ ಕಲಿಯಲಿಕ್ಕೆ ಎನ್ನುವುದಕ್ಕಿಂತ, ಡಿಪ್ಲೊಮಾದವನೆಂಬ ಹೆಸರನ್ನು ಆದಷ್ಟು ಬೇಗ ಕಳೆದುಕೊಳ್ಳಲಿಕ್ಕೆ ಎಂಬಂತಾಗಿದೆ. ಹುಡುಗರನ್ನು ದೂರಿ ಫಲವೇನು? ‘ಬರೀ’ ಎಂಬ ಮಾತನ್ನು ಹೇಳಿದವರು ನಾವು.

ಆಯೋಗಗಳ ಸಾಲನ್ನು ನೋಡಿದಾಗ ನನಗೆ ಹೊಳೆಯುವುದು ಇಷ್ಟು. ವೃತ್ತಿಶಿಕ್ಷಣ ಬೇಕೆಂದು ವರದಿ ಬರೆದವರೂ ಅದನ್ನು ಓದಿ ತಲೆದೂಗಿದವರೂ ಬಹುಮಟ್ಟಿಗೆ ಅದು ಬೇರೆಯವರ ಮಕ್ಕಳಿಗೆ ಬೇಕೆಂದು ತಿಳಿದವರು. ಕಟ್ಟಡ ಕಟ್ಟಬಹುದು, ಯಂತ್ರ ತರಿಸಬಹುದು. ಮರ್ಯಾದೆಯನ್ನು ಆಜ್ಞೆ ಹೊರಡಿಸಿ ತರಲಾಗುವುದಿಲ್ಲ. ಅದು ಒಂದೊಂದು ಮನೆಯ ಜಗಲಿಯ ಮೇಲೆ ತೀರ್ಮಾನವಾಗತಕ್ಕ ವಿಷಯ.

ಇತರರನ್ನು ಹೀಗೆ ದೂರುವ ಅಧಿಕಾರ ನನಗಿದೆಯೆ? ನನ್ನ ಮಗಳು ಚಿಕ್ಕಂದಿನಿಂದ ಚಿಕ್ಕಪ್ಪನ ಹಿಂದೆ ತಿರುಗುತ್ತ ರೇಡಿಯೋ ಬಿಚ್ಚಿ ಜೋಡಿಸುತ್ತಿದ್ದವಳು. ೧೯೯೬ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದಾಗ, “ಅಪ್ಪ, ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಗೆ ಸೇರುತ್ತೇನೆ” ಎಂದಳು. ನಾನು ಪತ್ರಿಕೆಯಿಂದ ತಲೆಯೆತ್ತದೆ, “ಮೊದಲು ಪಿ.ಯು.ಸಿ. ಆಗಲಿ, ಆಮೇಲೆ ನೋಡೋಣ” ಎಂದೆ. ಆ ‘ಆಮೇಲೆ’ ಬರಲಿಲ್ಲ. ಅವಳು ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿದ್ದಾಳೆ; ಚೆನ್ನಾಗಿಯೇ ಇದ್ದಾಳೆ.

ನಾನು ಹಾಗೆಂದಾಗ ತಮ್ಮ ಅಲ್ಲೇ ನೆಲದ ಮೇಲೆ ಕುಳಿತು ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಯನ್ನು ರಿಪೇರಿ ಮಾಡುತ್ತಿದ್ದ. ಅವನು ಏನೂ ಅನ್ನಲಿಲ್ಲ. ತಿರುಪನ್ನು ಬಿಗಿಮಾಡಿ, ಪ್ಲಗ್ಗು ಹಾಕಿ, ಅಂಗೈಯನ್ನು ತುಸು ದೂರದಲ್ಲಿ ಹಿಡಿದು ಕಾವು ನೋಡಿದ. “ಕಾಯುತ್ತಿದೆ, ಅಣ್ಣ” ಎಂದು ಹೇಳಿ, ಕೈ ತೊಳೆಯಲು ಎದ್ದು ಹೋದ.